ಹಿಂದಿನ ಸೀಟಿನ ಹದಿನಾರು ಕಿಲೋ

ಕಾರುಗಳ ಡಿಕ್ಕಿ ಪರೀಕ್ಷೆಗೆ ಬಳಸುವ ಗೊಂಬೆಗಳ ಪೈಕಿ ಮೂರು ವರ್ಷದ ಮಗುವಿನ ಗೊಂಬೆಯೂ ಒಂದಿದೆ. ಹೈಬ್ರಿಡ್-3 ಎಂಬ ಬಳಗಕ್ಕೆ ಸೇರಿದ ಅದರ ತೂಕ ಸುಮಾರು 16 ಕಿಲೋ. ತಲೆಯೊಂದೇ 2.7 ಕಿಲೋ. ಅದೇ ಬಳಗದ ವಯಸ್ಕ ಗಂಡಸಿನ ಗೊಂಬೆ 78 ಕಿಲೋ ತೂಗುತ್ತದೆ, ಅದರ ತಲೆ 4.5 ಕಿಲೋ. ಅಂದರೆ ದೊಡ್ಡವರ ಮೈತೂಕದಲ್ಲಿ ತಲೆಯ ಪಾಲು ನೂರಕ್ಕೆ ಆರರಷ್ಟಿದ್ದರೆ ಮಗುವಿನಲ್ಲಿ ನೂರಕ್ಕೆ ಹದಿನೇಳು. ಇವು ಎಂಜಿನಿಯರುಗಳು ಮನಸ್ಸಿಗೆ ಬಂದಂತೆ ಇಟ್ಟ ಅಳತೆಗಳಲ್ಲ. ಆಯಾ ವಯಸ್ಸಿನವರ ಮೈ ಅಳತೆಯನ್ನೇ ಲೋಹ, ರಬ್ಬರುಗಳಲ್ಲಿ ಕಟ್ಟಿದ್ದು. ಬೈಕಿನ ಹಿಂದೆ ಮಗುವನ್ನು ಕೂರಿಸಿಕೊಂಡು ದೂರದೂರಿಗೆ ಹೊರಡುವ ಆಸೆ ಇರುವವರು ನಕಾಶೆ ತೆರೆಯುವ ಮುಂಚೆ ಈ ಲೆಕ್ಕವನ್ನೊಮ್ಮೆ ನೋಡುವುದು ಒಳ್ಳೆಯದು. ಪ್ರಯಾಣದ ಉಳಿದೆಲ್ಲ ಲೆಕ್ಕಗಳೂ ಇದರಿಂದಲೇ ಹೊರಡುತ್ತವೆ.

ತಲೆ ಭಾರ, ಅದನ್ನು ಹೊತ್ತ ಕತ್ತು ಎಳಸು. ಹುಟ್ಟುವಾಗ ಕತ್ತಿನ ಏಳು ಮೂಳೆಗಳು ಪೂರ್ತಿ ಮೂಳೆಯಾಗಿರುವುದಿಲ್ಲ. ತುಂಡುತುಂಡಾಗಿರುವ ಅವುಗಳ ನಡುವೆ ಮೆತ್ತನೆಯ ಮೃದ್ವಸ್ಥಿ ಇರುತ್ತದೆ, ಬೆಸುಗೆ ಬಹುಮಟ್ಟಿಗೆ ಮೂರರಿಂದ ಏಳು ವರ್ಷದ ನಡುವೆ ನಡೆಯುತ್ತದೆ. ಕೀಲುಗಳನ್ನು ಕಟ್ಟಿ ಹಿಡಿಯುವ ತಂತುಗಳೂ ಸಡಿಲ. ದೊಡ್ಡವರು ತಲೆ ಬಗ್ಗಿಸಿದಾಗ ಹೆಚ್ಚಿನ ಬಾಗು ಕತ್ತಿನ ಬುಡದ ಕಡೆ, ಐದು ಮತ್ತು ಆರನೆಯ ಮೂಳೆಗಳ ನಡುವೆ ಬೀಳುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ತಲೆಬುರುಡೆಗೆ ಅಂಟಿಕೊಂಡಂತಿರುವ ಎರಡು ಮತ್ತು ಮೂರನೆಯ ಮೂಳೆಗಳ ನಡುವೆ. ಎಂಟು ವರ್ಷದ ಆಸುಪಾಸಿಗೆ ಈ ತಿರುಗುಬಿಂದು ಕೆಳಗಿಳಿದು ದೊಡ್ಡವರಂತೆಯೇ ಆಗುತ್ತದೆ. ಹೀಗಾಗಿ ದಿಢೀರ್ ಬ್ರೇಕ್ ಬಿದ್ದಾಗ ಸವಾರನಿಗೆ ಬರೀ ಒಂದು ತೂಗಾಟ ಎನ್ನಿಸುವುದು ಹಿಂದಿನ ಸೀಟಿನ ಎಳೆಯ ಕತ್ತಿಗೆ ಬೇರೆಯದೇ ಕೆಲಸ ಕೊಡುತ್ತದೆ.

ಈಗ ಆ ತಲೆಯ ಮೇಲೆ ಹೆಲ್ಮೆಟ್ ಇಡಬೇಕು. ಮುಖ ಮುಚ್ಚುವ ಸಾಧಾರಣ ಹೆಲ್ಮೆಟ್ ಒಂದು ಕಿಲೋ ಮೇಲೆಯೇ ತೂಗುತ್ತದೆ. 2.7 ಕಿಲೋ ತಲೆಗೆ 1.1 ಕಿಲೋ ಹೆಲ್ಮೆಟ್ ಎಂದರೆ ಹೊರೆ ನೂರಕ್ಕೆ ನಲವತ್ತು ಹೆಚ್ಚಿತು. ದೊಡ್ಡವರ ಲೆಕ್ಕದಲ್ಲಿ ಹೇಳುವುದಾದರೆ ಎರಡು ಕಿಲೋಗೆ ಹತ್ತಿರದ ಹೆಲ್ಮೆಟ್ಟನ್ನು ದಿನವಿಡೀ ಹೊತ್ತಂತೆ. ಹಾಗೆಂದು ಹೆಲ್ಮೆಟ್ ಬೇಡ ಎನ್ನುವಂತಿಲ್ಲ. ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಬಂದ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ತೊಟ್ಟ ಬೈಕ್ ಸವಾರರಲ್ಲಿ ಸಾವಿನ ಸಂಭವ ಶೇ 42ರಷ್ಟು, ತಲೆಪೆಟ್ಟಿನ ಸಂಭವ ಶೇ 69ರಷ್ಟು ಕಡಿಮೆ. ವಿಯೆಟ್ನಾಂ ಇದನ್ನು ಕಣ್ಣಾರೆ ಕಂಡಿತು. 2007ರ ಡಿಸೆಂಬರ್ 15ರಂದು ಅಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದೇ ತಡ, ರಸ್ತೆಯಲ್ಲಿ ದೊಡ್ಡವರ ತಲೆಗಳೆಲ್ಲ ಮುಚ್ಚಿದವು. ಅವರ ಬೆನ್ನಿಗೆ ಅಂಟಿ ಕೂತ ಮಕ್ಕಳ ತಲೆಗಳು ಮಾತ್ರ ಬೋಳಾಗಿಯೇ ಉಳಿದವು. ಹೆಲ್ಮೆಟ್ಟಿನ ಭಾರಕ್ಕೆ ಮಗುವಿನ ಕತ್ತಿಗೆ ಅಪಾಯ ಎಂಬ ಭಯ ಅಪ್ಪ ಅಮ್ಮಂದಿರಲ್ಲಿತ್ತು. ಆರು ವರ್ಷ ದಾಟಿದ ಮಕ್ಕಳನ್ನು ಬರಿದಲೆಯಲ್ಲಿ ಕರೆದೊಯ್ದರೆ ದೊಡ್ಡವರಿಗೆ ದಂಡ ಎಂಬ ನಿಯಮ ಬರಲು 2010ರವರೆಗೆ ಕಾಯಬೇಕಾಯಿತು. ಭಯ ಪೂರ್ತಿ ಬುಡವಿಲ್ಲದ್ದಲ್ಲ, ಆದರೆ ಅದಕ್ಕೆ ಉತ್ತರ ಹಗುರವಾದ, ಸರಿಯಾದ ಅಳತೆಯ ಹೆಲ್ಮೆಟ್.

ಅಳತೆಯ ವಿಷಯದಲ್ಲಿ ನಮ್ಮವರು ಎಡವುವುದೇ ಹೆಚ್ಚು. ಮುಂದಿನ ವರ್ಷಕ್ಕೂ ಆಗಲಿ ಎಂದು ಶಾಲೆಯ ಯೂನಿಫಾರಮ್ಮನ್ನು ಒಂದು ಸೈಜ್ ದೊಡ್ಡದು ಹೊಲಿಸುವ ಹಾಗೆ ಹೆಲ್ಮೆಟ್ಟನ್ನೂ ಕೊಳ್ಳುತ್ತಾರೆ. ಸಡಿಲ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲೇ ಹೊರಟುಹೋಗುತ್ತದೆ. ಅಂಗಡಿಯಲ್ಲೇ ಪರೀಕ್ಷಿಸುವುದು ಸುಲಭ. ಪಟ್ಟಿ ಬಿಗಿದ ಮೇಲೆ ಗದ್ದದ ಕೆಳಗೆ ದೊಡ್ಡವರ ಎರಡು ಬೆರಳಷ್ಟೇ ತೂರಬೇಕು. ಹಿಂಬದಿಯ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿದರೆ ಹೆಲ್ಮೆಟ್ ಹಣೆಯ ಮೇಲೆ ಉರುಳಿ ಕಳಚಬಾರದು. ಮಗು ತಲೆಯಲ್ಲಾಡಿಸಿದರೆ ಕೆನ್ನೆಯ ಚರ್ಮ ಹೆಲ್ಮೆಟ್ಟಿನ ಜೊತೆಗೇ ಅಲ್ಲಾಡಬೇಕು. ಆರು ವರ್ಷದ ಮಗುವಿನ ತಲೆಯ ಸುತ್ತಳತೆ 51–52 ಸೆಂಟಿಮೀಟರ್ ಇರುತ್ತದೆ. ದೊಡ್ಡವರದಕ್ಕೂ ಅದಕ್ಕೂ ನಾಲ್ಕೈದು ಸೆಂಟಿಮೀಟರ್ ಮಾತ್ರ ಅಂತರ. ಆ ನಾಲ್ಕೈದು ಸೆಂಟಿಮೀಟರಿಗೆ ಟವೆಲ್ ಸುತ್ತಿ ತುಂಬಿಸುವುದನ್ನು ಪರಿಹಾರ ಎನ್ನಲಾಗದು.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು 2019ರ ತಿದ್ದುಪಡಿಯ ನಂತರ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಐಎಸ್‌ಐ ಮಟ್ಟದ ಹೆಲ್ಮೆಟ್ ಕಡ್ಡಾಯ ಮಾಡಿದೆ. ಅದಕ್ಕಿಂತ ಚಿಕ್ಕವರಿಗಾಗಿ 2022ರ ಫೆಬ್ರವರಿ 15ರಂದು ಕೇಂದ್ರ ಸಾರಿಗೆ ಸಚಿವಾಲಯ ಬೇರೆ ನಿಯಮ ಹೊರಡಿಸಿತು, ಒಂದು ವರ್ಷದ ಬಳಿಕ ಅದು ಜಾರಿಗೆ ಬಂತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಮೂರು ಸಂಗತಿ ಇರಬೇಕು. ಮಗುವಿನ ಮೈಯ ಮೇಲ್ಭಾಗವನ್ನು ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ತಲೆಗೆ ಸರಿಹೊಂದುವ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ. ಪಟ್ಟಿ ಹಗುರವಾಗಿರಬೇಕು, ನೀರು ಹೀರಬಾರದು, ನೈಲಾನ್ ಮತ್ತು ದಟ್ಟ ಫೋಮಿನಿಂದ ಮಾಡಿರಬೇಕು, 30 ಕಿಲೋವರೆಗೆ ತಡೆಯಬೇಕು ಎಂದು ಅದರ ವಿವರವೂ ನಿಯಮದಲ್ಲಿದೆ. ಮಗು ಅಂಗಿಯಂತೆ ತೊಡುವ ಭಾಗದಿಂದ ಹೊರಟ ಎರಡು ಕುಣಿಕೆಗಳನ್ನು ಸವಾರ ಭುಜಕ್ಕೇರಿಸಿಕೊಳ್ಳಬೇಕು.

ಈ ಮೂರರಲ್ಲಿ ಹೆಚ್ಚು ಕೆಲಸ ಮಾಡುವುದು ಯಾವುದು? ಪಟ್ಟಿಯಂತೂ ಅಲ್ಲ. ಪಟ್ಟಿ ಮಗು ಜಾರಿ ಬೀಳದಂತೆ ತಡೆಯುತ್ತದೆ, ತೂಕಡಿಸಿದಾಗ ಹಿಡಿದುಕೊಳ್ಳುತ್ತದೆ. ಬೈಕೇ ಬಿದ್ದರೆ ಮಗು ಸವಾರನ ಜೊತೆಗೇ ಬೀಳುತ್ತದೆ. ಎಪ್ಪತ್ತು ಕಿಲೋ ಮೈ ಅದರ ಮೇಲೆ ಬೀಳದು ಎಂಬ ಖಾತರಿಯನ್ನು ಯಾವ ನೈಲಾನೂ ಕೊಡಲಾರದು. ಹೆಲ್ಮೆಟ್ಟಿನ ವಿಷಯದಲ್ಲೂ ನಿಯಮ ಸ್ವಲ್ಪ ಉದಾರಿ. ಈ ವಯಸ್ಸಿನವರಿಗೆ ಯುರೋಪಿನ ಇಎನ್ 1080ರಂಥ ಮಾನದಂಡದ ಸೈಕಲ್ ಹೆಲ್ಮೆಟ್ ಕೂಡ ನಡೆಯುತ್ತದೆ. ಅಂಥ ಹೆಲ್ಮೆಟ್ಟನ್ನು ಪರೀಕ್ಷಿಸುವಾಗ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಕೆಡವುತ್ತಾರೆ. ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 5.4 ಮೀಟರ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ನಿಂತ ಬೈಕಿನಿಂದ, ನಿಧಾನವಾಗಿ ಚಲಿಸುವ ಬೈಕಿನಿಂದ ತಲೆ ನೆಲಕ್ಕೆ ಬಡಿದರೆ ಅದು ಸಾಕು. ಎದುರಿನ ಲಾರಿಯ ಮೂತಿಗೆ ಸಾಲದು.

ಹಾಗಾಗಿ ಉಳಿದದ್ದು ವೇಗ. ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಎಲ್ಲರೂ ಹೈಸ್ಕೂಲಿನಲ್ಲಿ ಓದಿರುತ್ತಾರೆ, ಬೈಕ್ ಹತ್ತಿದೊಡನೆ ಮರೆಯುತ್ತಾರೆ. 40ರಲ್ಲಿ ಹೋಗುವಾಗ ಗೋಡೆಗೆ ಬಡಿಯುವುದು ಆರು ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದಕ್ಕೆ ಸಮ, ಎಂದರೆ ಎರಡಂತಸ್ತಿನ ಮನೆಯ ತಾರಸಿ. 60ಕ್ಕೆ ಅದು 14 ಮೀಟರ್. 80ಕ್ಕೆ 25 ಮೀಟರ್. ಬ್ರೇಕಿನ ಲೆಕ್ಕವೂ ಇದೇ ದಾರಿಯಲ್ಲಿ ಸಾಗುತ್ತದೆ. ಒಣ ರಸ್ತೆ, ಕಣ್ಣಿಗೆ ಕಂಡು ಕೈ ಒತ್ತಲು ಒಂದು ಸೆಕೆಂಡ್, ಹದವಾದ ಬ್ರೇಕ್ ಎಂದಿಟ್ಟುಕೊಂಡರೆ 40ರಲ್ಲಿ ಬೈಕ್ ನಿಲ್ಲಲು 21 ಮೀಟರ್ ಬೇಕು. 60ರಲ್ಲಿ 40 ಮೀಟರ್, 80ರಲ್ಲಿ 63. ಹಿಂದೆ ಮಗುವಿದ್ದಾಗ ಸವಾರ ಪೂರ್ತಿ ಬ್ರೇಕ್ ಹಿಡಿಯಲು ಅಳುಕುವುದೂ ಉಂಟು, ಆಗ ಈ ಅಂಕಿಗಳು ಇನ್ನೂ ಉದ್ದವಾಗುತ್ತವೆ. ಹೊಸದಾಗಿ ಮಾರಾಟವಾಗುವ 125 ಸಿಸಿ ಮೀರಿದ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ. ಮಗುವಿನ ಪ್ರಯಾಣಕ್ಕೆ ಹಳೆಯ ಬೈಕೋ ಹೊಸದೋ ಎಂಬ ಆಯ್ಕೆ ಇದ್ದರೆ ಇದೊಂದೇ ಕಾರಣಕ್ಕೆ ಹೊಸದನ್ನು ತೆಗೆದುಕೊಳ್ಳಬಹುದು.

ಆದರೆ 40ರ ಮಿತಿಗೆ ಒಂದು ತೊಡಕಿದೆ. ನಡುವೆ ವಿಭಜಕ ಇರುವ ಚತುಷ್ಪಥದಲ್ಲಿ ಬೈಕುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ವೇಗ 80. ಎಲ್ಲರೂ ಆ ವೇಗದಲ್ಲಿ ನುಗ್ಗುವ ಕಡೆ ಒಬ್ಬನೇ 40ರಲ್ಲಿ ಹೋದರೆ ಹಿಂದಿನಿಂದ ಬರುವವರಿಗೆ ಅವನೊಂದು ಅಡ್ಡಿ. ಅಂಥ ಹೆದ್ದಾರಿಯಲ್ಲಿ ಕಾನೂನು ಪಾಲಿಸಿದರೂ ಅಪಾಯ, ಮುರಿದರೂ ಅಪಾಯ. ಇದರಿಂದ ಹೊರಬರಲು ಇರುವ ದಾರಿ ಎಂದರೆ ದಾರಿಯನ್ನೇ ಬದಲಿಸುವುದು. 40–50ರ ವೇಗ ಸಹಜವಾಗಿರುವ ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಸರ್ವಿಸ್ ರಸ್ತೆಗಳನ್ನು ಹುಡುಕಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಬೈಕ್ ಸವಾರರು ಅದಕ್ಕೆ ಗೊಣಗಿದ್ದೇ ಗೊಣಗಿದ್ದು. ಹಿಂದೆ ಮಗುವಿರುವವನಿಗೆ ಮಾತ್ರ ಅದೊಂದು ಉಪಕಾರ. ರಾಮನಗರ, ಚನ್ನಪಟ್ಟಣಗಳ ಒಳಗೆ ಹಾದುಹೋಗುವ ಹಳೆಯ ರಸ್ತೆಯಲ್ಲಿ ನಿಲ್ಲಲು ಜಾಗ, ಕುಡಿಯಲು ನೀರು, ಬೇಕೆಂದರೆ ಡಾಕ್ಟರು, ಎಲ್ಲವೂ ಸಿಗುತ್ತವೆ.

ಮಗು ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೂ ಕಾಯ್ದೆಯಲ್ಲಿ ಉತ್ತರವಿದೆ. 128ನೆಯ ಕಲಮಿನಂತೆ ಸವಾರನ ಜೊತೆ ಒಬ್ಬರೇ ಕೂರಬಹುದು, ಅದೂ ಸವಾರನ ಹಿಂದೆ, ಗಟ್ಟಿಯಾಗಿ ಕೂರಿಸಿದ ಸೀಟಿನ ಮೇಲೆ. ಚೇತಕ್ ಸ್ಕೂಟರಿನ ಮುಂದೆ ಮಗ ನಿಂತು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಮಗಳು ಎಂಬ ಚಿತ್ರ ಇಡೀ ದೇಶಕ್ಕೆ ಎಷ್ಟು ಪರಿಚಿತವೆಂದರೆ, ಅಂಥ ಕುಟುಂಬಗಳನ್ನು ನೋಡಿಯೇ ನ್ಯಾನೋ ಕಾರಿನ ಯೋಚನೆ ಬಂತು ಎಂದು ರತನ್ ಟಾಟಾ ಹೇಳುತ್ತಿದ್ದರು. 2008ರಲ್ಲಿ ಕಾರು ಅನಾವರಣಗೊಂಡಿತು, ಹತ್ತು ವರ್ಷಗಳಲ್ಲಿ ಹೋಯಿತು, ಸ್ಕೂಟರಿನ ಮೇಲಿನ ಕುಟುಂಬ ಹಾಗೆಯೇ ಉಳಿಯಿತು. 2023ರಲ್ಲಿ ಕೇರಳ ಸರ್ಕಾರ ರಸ್ತೆಗಳಲ್ಲಿ ಕ್ಯಾಮೆರಾ ಅಳವಡಿಸಿದಾಗ ಅಪ್ಪ, ಅಮ್ಮ, ಮಗು ಮೂವರೂ ಇರುವ ಬೈಕುಗಳಿಗೆ ದಂಡ ಬೀಳುವ ಸನ್ನಿವೇಶ ಬಂತು. ಚಿಕ್ಕ ಮಗುವನ್ನು ಮೂರನೆಯವರೆಂದು ಎಣಿಸದಿರಲು ಅವಕಾಶ ಕೊಡಿ ಎಂದು ಅಲ್ಲಿಂದ ಹೋದ ಮನವಿಯನ್ನು ಕೇಂದ್ರ ಒಪ್ಪಲಿಲ್ಲ. ಬಡ ಕುಟುಂಬಕ್ಕೆ ಇದು ಕಠಿಣ ಎಂಬ ವಾದದಲ್ಲಿ ಹುರುಳಿದೆ. ಆದರೆ ಅದು ಶಾಲೆ, ಆಸ್ಪತ್ರೆ, ಸಂತೆಗೆ ಹೋಗಿಬರುವವರ ಮಾತು. ರಜೆಗೆಂದು ಮುನ್ನೂರು ಕಿಲೋಮೀಟರ್ ಹೊರಟವರು ಆ ವಾದದ ನೆರಳಿನಲ್ಲಿ ನಿಲ್ಲುವಂತಿಲ್ಲ.

ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವುದು ಇನ್ನೂ ಕೆಟ್ಟದ್ದು. ಮಗು ಕಣ್ಣೆದುರಿಗಿದೆ ಎಂಬ ಸಮಾಧಾನ ಸವಾರನಿಗೆ. ಬೈಕ್ ತಟ್ಟನೆ ನಿಂತಾಗ ಅವನ ಇಡೀ ಮೈ ಮುಂದಕ್ಕೆ ಜಾರುತ್ತದೆ. ಮುಂದೆ ಹ್ಯಾಂಡಲ್, ಹಿಂದೆ ಸವಾರ, ನಡುವೆ ಮಗು.

ಹಿಂದಿನ ಸೀಟು ಎಂದ ಕೂಡಲೇ ಕಾಲಿನ ಮಾತು ಬರುತ್ತದೆ. ಬ್ರಿಟನ್ನಿನಲ್ಲಿ ಹಿಂಬದಿ ಸವಾರರಿಗೆ ಕನಿಷ್ಠ ವಯಸ್ಸಿಲ್ಲ, ಕಾಲು ಮಾತ್ರ ಫುಟ್‌ರೆಸ್ಟ್ ಮುಟ್ಟಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ ಎಂಟು ವರ್ಷ ತುಂಬದೆ ಹಿಂದೆ ಕೂರುವಂತಿಲ್ಲ, ಸೈಡ್‌ಕಾರ್ ಇದ್ದರೆ ಮಾತ್ರ ವಿನಾಯಿತಿ. ಬ್ರಿಟಿಷರ ನಿಯಮ ಮೇಲ್ನೋಟಕ್ಕೆ ಸಡಿಲ ಎನ್ನಿಸಿದರೂ ಅದರಲ್ಲಿ ಜಾಣತನವಿದೆ. ಪಾದ ಊರಿದ ಮಗು ತೊಡೆಯಿಂದ ತನ್ನ ಮೈಯನ್ನು ತಾನೇ ಹಿಡಿದುಕೊಳ್ಳುತ್ತದೆ, ಹಳ್ಳ ಬಂದಾಗ ಮೈ ಹಗುರ ಮಾಡುತ್ತದೆ. ಪಾದ ತೂಗಾಡುವ ಮಗುವಿಗೆ ಸವಾರನ ಅಂಗಿಯೇ ಆಧಾರ. ತೂಗಾಡುವ ಪಾದಕ್ಕೆ ಎರಡು ಅಪಾಯ ಪಕ್ಕದಲ್ಲೇ ಕಾದಿರುತ್ತವೆ. ಬಲಗಡೆ ಸಾಮಾನ್ಯವಾಗಿ ಸೈಲೆನ್ಸರ್. ಎಪ್ಪತ್ತು ಡಿಗ್ರಿ ಲೋಹ ತಾಕಿದರೂ ಚರ್ಮ ಕ್ಷಣದಲ್ಲಿ ಸುಡುತ್ತದೆ, ಓಡುವ ಬೈಕಿನ ಸೈಲೆನ್ಸರ್ ಅದಕ್ಕಿಂತ ಎಷ್ಟೋ ಬಿಸಿ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು ಬಳಿಯುವ ಚಾಳಿ ಬೇಡ. ಎಡಗಡೆ ಚಕ್ರದ ಕಡ್ಡಿಗಳು. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ, ಹಿಂಬದಿಯವರಿಗೆ ಕೈಹಿಡಿ, ಫುಟ್‌ರೆಸ್ಟ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ನೋಡಲು ಚೆನ್ನಾಗಿಲ್ಲ ಎಂದು ಅದನ್ನು ಬಿಚ್ಚಿಸಿ ಹಾಕಿದವರು ಮಗುವನ್ನು ಕೂರಿಸುವ ಮುಂಚೆ ಹುಡುಕಿ ತಂದು ಮತ್ತೆ ಕೂಡಿಸಬೇಕು.

ಹಿಂದೆ ಕೂತ ಮಗುವಿಗೆ ಏನು ಕಾಣುತ್ತದೆ? 1968ರ ಬೇಸಿಗೆಯಲ್ಲಿ ಅಮೆರಿಕದ ರಾಬರ್ಟ್ ಪಿರ್ಸಿಗ್ ಎಂಬಾತ 305 ಸಿಸಿಯ ಹೋಂಡಾ ಸೂಪರ್ ಹಾಕ್ ಬೈಕಿನಲ್ಲಿ ಹನ್ನೊಂದು ವರ್ಷದ ಮಗ ಕ್ರಿಸ್‌ನನ್ನು ಕೂರಿಸಿಕೊಂಡು ಮಿನಿಯಾಪೊಲಿಸ್‌ನಿಂದ ಕ್ಯಾಲಿಫೋರ್ನಿಯಾದವರೆಗೆ ಹೋದರು. ಆ ಪ್ರಯಾಣ 1974ರಲ್ಲಿ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕವಾಗಿ ಜಗತ್ತಿನ ಗಮನ ಸೆಳೆಯಿತು. ಬೈಕ್ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ತತ್ವಶಾಸ್ತ್ರಕ್ಕೆಂದು ಆ ಪುಸ್ತಕವನ್ನು ಓದುವವರು ಹೆಚ್ಚು. ಮಗುವಿನ ಜೊತೆ ಬೈಕೇರುವವರು ಕ್ರಿಸ್‌ಗಾಗಿ ಓದಬಹುದು. ಹುಡುಗನಿಗೆ ಹೊಟ್ಟೆನೋವು, ಬೇಸರ, ಸಿಟ್ಟು. ಕಡೆಗೆ ಅವನು ಫುಟ್‌ರೆಸ್ಟ್ ಮೇಲೆ ನಿಂತು, ಅಪ್ಪನ ಭುಜ ಹಿಡಿದು ಮುಂದೆ ನೋಡಿದಾಗಲೇ ರಸ್ತೆ ಅವನಿಗೆ ನಿಜವಾಗಿ ಕಂಡದ್ದು. ಅಲ್ಲಿಯವರೆಗೆ ಅವನ ಪಾಲಿಗೆ ಅಮೆರಿಕವೆಂದರೆ ಬಹುತೇಕ ಅಪ್ಪನ ಬೆನ್ನು. ಹಾಗೆ ನಿಲ್ಲುವುದನ್ನು ಯಾರೂ ಅನುಕರಿಸಬಾರದು, ಸಮಸ್ಯೆಯನ್ನಂತೂ ಗುರುತಿಸಬೇಕು.

ಮುಂದಿನದು ಕಾಣದ ಮಗುವಿಗೆ ಬ್ರೇಕ್ ಬರುವುದು ತಿಳಿಯದು, ತಿರುವು ಬರುವುದೂ ತಿಳಿಯದು. ಹೆಲ್ಮೆಟ್ಟಿಗೆ ಹೆಲ್ಮೆಟ್ ಟಕ್ಕನೆ ಬಡಿಯುವುದು ಇದರಿಂದಲೇ. ತೊಡೆ ತಟ್ಟುವ ಸಂಜ್ಞೆಗಳನ್ನು ಮನೆಯ ಅಂಗಳದಲ್ಲೇ ಅಭ್ಯಾಸ ಮಾಡಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ಸವಾರ ಒಮ್ಮೆ ತಟ್ಟಿದರೆ ಗಟ್ಟಿ ಹಿಡಿ, ಮಗು ಎರಡು ಸಲ ತಟ್ಟಿದರೆ ನಿಲ್ಲಿಸು. ಬ್ಲೂಟೂತ್ ಇಂಟರ್‌ಕಾಮ್ ಇದ್ದರೆ ಇನ್ನೂ ವಾಸಿ. ತಿರುವಿನಲ್ಲಿ ಮಾತ್ರ ಭೌತಶಾಸ್ತ್ರ ಮಗುವಿನ ಪರವಾಗಿದೆ. ಬಸ್ಸು ತಿರುಗುವಾಗ ಮೈ ಹೊರಕ್ಕೆ ವಾಲುತ್ತದೆ. ಬೈಕ್ ತಾನೇ ಒಳಕ್ಕೆ ವಾಲುವುದರಿಂದ ಕೂತವರಿಗೆ ಪಕ್ಕಕ್ಕೆ ತಳ್ಳಿದ ಅನುಭವವಾಗದೆ ಸೀಟಿಗೆ ಒತ್ತಿದಂತಾಗುತ್ತದೆ. ಮೂವತ್ತು ಮೀಟರ್ ತ್ರಿಜ್ಯದ ಘಾಟಿ ತಿರುವನ್ನು 40ರಲ್ಲಿ ತೆಗೆದುಕೊಂಡರೆ ಬೈಕ್ ಸುಮಾರು 23 ಡಿಗ್ರಿ ವಾಲುತ್ತದೆ. ಆಗ ಹೆದರಿದ ಮಗು ಎದುರು ದಿಕ್ಕಿಗೆ ಮೈ ಎತ್ತದಿದ್ದರೆ ಸಾಕು. ಅಪ್ಪನ ಬೆನ್ನಿನ ಜೊತೆಗೇ ವಾಲು ಎಂಬ ಒಂದು ಮಾತು ಆಗುಂಬೆಯ ಹದಿನಾಲ್ಕು ತಿರುವುಗಳಿಗೂ ಸಾಲುತ್ತದೆ.

ಬೆನ್ನನ್ನೇ ನೋಡುತ್ತ ಕೂತ ಮಗು ಬಹಳ ಹೊತ್ತು ಎಚ್ಚರವಿರುವುದಿಲ್ಲ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ. ಎಂಜಿನ್ನಿನ ಏಕತಾನದ ಸದ್ದು, ಹದವಾದ ಕುಲುಕಾಟ, ಮಧ್ಯಾಹ್ನದ ಊಟ, ಇವೆಲ್ಲ ಸೇರಿದರೆ ತೊಟ್ಟಿಲೇ ಬೇಕಿಲ್ಲ. ನಿದ್ದೆ ಬಂದಾಗ ಸ್ನಾಯುಗಳ ಬಿಗಿ ಸಡಿಲವಾಗುತ್ತದೆ. ಸೊಂಟ ಸುತ್ತಿದ ಕೈ ಜಾರುತ್ತದೆ, ಹೆಲ್ಮೆಟ್ಟಿನ ಭಾರಕ್ಕೆ ಕತ್ತು ಒಂದು ಕಡೆ ವಾಲುತ್ತದೆ. ಪಟ್ಟಿ ಕಟ್ಟಿದೆಯಲ್ಲ ಎಂದು ಮುಂದೆ ಸಾಗುವವರಿದ್ದಾರೆ. ಮೊದಲ ತೂಕಡಿಕೆಗೇ ಬೈಕ್ ನಿಲ್ಲಬೇಕು. ಊಟವಾದ ಮೇಲೆ ಎರಡು ಗಂಟೆ ರಸ್ತೆಯ ಮೇಲಿರುವುದೇ ಇಲ್ಲ ಎಂದು ಮೊದಲೇ ತೀರ್ಮಾನಿಸುವುದು ಅದಕ್ಕಿಂತ ಒಳ್ಳೆಯದು.

ಗಾಳಿಯದೂ ಒಂದು ಕತೆಯಿದೆ. ಉಷ್ಣತೆ 10 ಡಿಗ್ರಿ ಇರುವ ಮುಂಜಾನೆ 60ರ ವೇಗದಲ್ಲಿ ಹೋದರೆ ಬೆತ್ತಲೆ ಚರ್ಮಕ್ಕೆ ತಾಕುವ ಚಳಿ 5 ಡಿಗ್ರಿಯದು. ಸವಾರನ ಬೆನ್ನು ಮಗುವಿನ ಎದೆಯನ್ನು ಕಾಯುತ್ತದೆ. ಮೊಣಕಾಲು, ಬೆರಳು ಗಾಳಿಗೇ ಬಿಟ್ಟದ್ದು. ಮೈತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು, ಹಾಗಾಗಿ ಶಾಖ ಬೇಗ ಸೋರುತ್ತದೆ. ಅದೇ ಕಾರಣಕ್ಕೆ ಬೇಗ ಒಳಗೂ ನುಗ್ಗುತ್ತದೆ. ಮೇ ತಿಂಗಳ ಕಲಬುರಗಿ, ರಾಯಚೂರುಗಳಲ್ಲಿ 42 ಡಿಗ್ರಿ ಇದ್ದಾಗ ಗಾಳಿ ಚರ್ಮಕ್ಕಿಂತ ಬಿಸಿ. ವೇಗ ಹೆಚ್ಚಿದಷ್ಟೂ ಅದು ಮೈಯನ್ನು ಕಾಯಿಸುತ್ತದೆ, ಬೆವರೊಂದೇ ತಂಪು. ಮಕ್ಕಳು ಬೆವರುವುದು ಕಡಿಮೆ. 16 ಕಿಲೋ ತೂಗುವ ಮಗುವಿಗೆ ನೆರಳಿನಲ್ಲಿದ್ದರೂ ದಿನಕ್ಕೆ ಸುಮಾರು 1.3 ಲೀಟರ್ ದ್ರವ ಬೇಕೆಂಬುದು ಮಕ್ಕಳ ವೈದ್ಯರ ಹಳೆಯ ಲೆಕ್ಕ. ಬಾಯಾರಿಕೆ ಆದರೂ ಹೆಲ್ಮೆಟ್ಟಿನೊಳಗಿಂದ ಮಗು ಕೇಳುವುದಿಲ್ಲ, ಕೇಳಿದರೂ ಕೇಳಿಸುವುದಿಲ್ಲ.

ಕೇಳಿಸದಿರುವುದಕ್ಕೆ ಕಾರಣ ಗಾಳಿಯ ಸದ್ದು. ಗಂಟೆಗೆ 60 ಕಿಲೋಮೀಟರಿನಲ್ಲೇ ಹೆಲ್ಮೆಟ್ಟಿನೊಳಗೆ ಸುಮಾರು 90 ಡೆಸಿಬೆಲ್ ಗದ್ದಲವಿರುತ್ತದೆ. ಮಕ್ಕಳ ಕಿವಿಗೆ ವಾರಕ್ಕೆ 40 ಗಂಟೆಯ ಮಟ್ಟಿಗೆ 75 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ ಮೂರು ಡೆಸಿಬೆಲ್ಲಿಗೂ ಸದ್ದಿನ ಶಕ್ತಿ ಇಮ್ಮಡಿಯಾಗುವುದರಿಂದ 90 ಎಂದರೆ 75ಕ್ಕಿಂತ ಮೂವತ್ತು ಪಟ್ಟು ಹೆಚ್ಚು; ವಾರವಿಡೀ ಕೇಳಬಹುದಾದ ಪಾಲು ಒಂದೂಕಾಲು ಗಂಟೆಯಲ್ಲೇ ಮುಗಿದುಹೋಗುತ್ತದೆ. ಇಲ್ಲೂ ಮದ್ದು ವೇಗ ಇಳಿಸುವುದೇ.

ಲಡಾಖ್ ವಿಷಯ ಹೇಳದೆ ಬಿಡುವಂತಿಲ್ಲ, ಏಕೆಂದರೆ ಕರ್ನಾಟಕದ ನೋಂದಣಿ ಫಲಕಗಳು ಅಲ್ಲಿ ಪ್ರತಿ ಬೇಸಿಗೆಯಲ್ಲೂ ಕಾಣುತ್ತವೆ. ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ, ಖಾರ್ದುಂಗ್ ಲಾ 5,359 ಮೀಟರ್. ಅಲ್ಲಿನ ವಾಯುಭಾರ ಕಡಲತಡಿಯ ಅರ್ಧದಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ಪರ್ವತ ವೈದ್ಯರು ಹೇಳುತ್ತಾರೆ. ಮನಾಲಿಯಿಂದ ಹೊರಟವರು ಬೇಗನೆ 4,200 ಮೀಟರ್ ಮೀರಿದ ಸರ್ಚು ತಲಪಿ ರಾತ್ರಿ ಕಳೆಯುತ್ತಾರೆ. ಎತ್ತರದ ಕಾಯಿಲೆಗೆ ಮೊದಲ ಚಿಕಿತ್ಸೆ ಕೆಳಗಿಳಿಯುವುದು. ಸರ್ಚುವಿನಿಂದ ಕೆಳಗಿಳಿಯಲು ಮೊದಲು ಮೇಲೇರಬೇಕು. ಒಂದು ಕಡೆ 4,800 ಮೀಟರಿಗೂ ಎತ್ತರದ ಬಾರಾಲಾಚಾ, ಇನ್ನೊಂದು ಕಡೆ 5,000 ಮೀರಿದ ಲಾಚುಂಗ್ ಲಾ. ದೊಡ್ಡವರು ತಲೆನೋವು ಎಂದು ಬಾಯಿಬಿಟ್ಟು ಹೇಳುತ್ತಾರೆ. ಎರಡು ವರ್ಷದ ಕೂಸು ಅಳುತ್ತದೆ, ಊಟ ಬಿಡುತ್ತದೆ, ಆಡುವುದನ್ನು ನಿಲ್ಲಿಸುತ್ತದೆ. ಪ್ರಯಾಣದ ದಣಿವಿಗೂ ಇವೇ ಲಕ್ಷಣ. ಇಂಥ ಕಡೆ ಕೂಸನ್ನು ಬೈಕಿನಲ್ಲಿ ಒಯ್ದು ದಾಖಲೆಯ ಪುಸ್ತಕಕ್ಕೆ ಅರ್ಜಿ ಹಾಕುವ ಉಮೇದು ಮಗುವಿನದಲ್ಲ ಎಂಬುದಷ್ಟನ್ನು ಹೇಳಬಹುದು.

ಹಾಗಾದರೆ ಒಪ್ಪಬಹುದಾದ ಪ್ರಯಾಣ ಹೇಗಿರುತ್ತದೆ? ಆರು ವರ್ಷದ ಮಗಳನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಜೋಗಕ್ಕೆ ಹೊರಟ ತಾಯಿಯೊಬ್ಬಳನ್ನು ಊಹಿಸಿಕೊಳ್ಳೋಣ. ಮಗಳ ಪಾದ ಫುಟ್‌ರೆಸ್ಟ್ ಮುಟ್ಟುತ್ತದೆ, ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಶಿವಮೊಗ್ಗವರೆಗೆ ಸುಮಾರು 300 ಕಿಲೋಮೀಟರ್. ವೇಗ 50 ಮೀರಕೂಡದು ಎಂದರೆ ಊರು, ಉಬ್ಬು, ಹಸುಗಳೆಲ್ಲ ಸೇರಿ ಸರಾಸರಿ 35 ಸಿಕ್ಕೀತು. ಬರೀ ಓಟಕ್ಕೇ ಎಂಟೂವರೆ ಗಂಟೆ. ಮುಕ್ಕಾಲು ಗಂಟೆಗೊಮ್ಮೆ ಕಾಲು ಗಂಟೆ ವಿರಾಮ, ಊಟಕ್ಕೊಂದು ಗಂಟೆ ಎಂದರೆ ಒಟ್ಟು ಹನ್ನೆರಡು. ಒಬ್ಬಳೇ ಇದ್ದಾಗ ಆರು ಗಂಟೆಯಲ್ಲಿ ಮುಗಿಸಿದ ದಾರಿ ಈಗ ಹಗಲನ್ನೆಲ್ಲ ನುಂಗಿ ಕತ್ತಲೆಗೂ ಕೈ ಚಾಚುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಪಘಾತ ನಡೆಯುವುದು ಸಂಜೆ ಆರರಿಂದ ಒಂಬತ್ತರ ನಡುವೆ.

ಹಾಗಾಗಿ ಒಂದು ದಿನದ್ದನ್ನು ಎರಡು ಮಾಡಬೇಕು. ಬೆಳಿಗ್ಗೆ ಆರೂವರೆಗೆ ಹೊರಟರೆ ತಿಪಟೂರಿನಲ್ಲಿ ಎಳನೀರು ಕುಡಿದು ಸುಮಾರು 170 ಕಿಲೋಮೀಟರ್ ದೂರದ ಅರಸೀಕೆರೆಯನ್ನು ಮಧ್ಯಾಹ್ನ ಒಂದೂವರೆಗೆ ಸೇರಬಹುದು. ಬಾಕಿ ಹೊತ್ತು ಮಗುವಿನ ನಿದ್ದೆಗೆ, ಆಟಕ್ಕೆ. ಮಾರನೆಯ ದಿನ ಕಡೂರು, ತರೀಕೆರೆ, ಭದ್ರಾವತಿ ದಾಟಿ ಮಧ್ಯಾಹ್ನದೊಳಗೆ ಶಿವಮೊಗ್ಗ. ಉಳಿದ ನೂರು ಕಿಲೋಮೀಟರ್ ಮೂರನೆಯ ದಿನಕ್ಕೆ.

ಈ ದಾರಿಯನ್ನು ಆಯ್ದದ್ದು ಬೇರೊಂದು ಕಾರಣಕ್ಕೂ ಹೌದು. ಅರಸೀಕೆರೆಯಿಂದ ಮುಂದೆ ರೈಲು ಹಳಿ ಜೊತೆಜೊತೆಗೇ ಸಾಗುತ್ತದೆ. ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಕಡೆಗೆ ಜೋಗದ ಹತ್ತಿರದ ತಾಳಗುಪ್ಪ, ಎಲ್ಲ ಕಡೆಯೂ ನಿಲ್ದಾಣವಿದೆ. ಮಳೆ ಹಿಡಿಯಿತು, ಮಗುವಿಗೆ ಜ್ವರ ಬಂತು, ಅಥವಾ ಬರೀ ಸಾಕಾಯಿತು ಎನ್ನಿಸಿದರೆ ಜೊತೆಯವರೊಬ್ಬರು ಅದನ್ನು ರೈಲು ಹತ್ತಿಸಿಕೊಂಡು ಹೋಗಬಹುದು. ಇಡೀ ಪ್ರಯಾಣದಲ್ಲಿ ಹೆಚ್ಚು ಅಪಾಯದ ತುಂಡು ಬೆಂಗಳೂರಿನಿಂದ ನೆಲಮಂಗಲ, ತುಮಕೂರು ದಾಟುವವರೆಗಿನದು. ಅಲ್ಲಿ ಲಾರಿಗಳ ದಟ್ಟಣೆ ವಿಪರೀತ. ಅಷ್ಟನ್ನು ಬೈಕಿನವರು ಒಬ್ಬರೇ ದಾಟಿ, ಮಗು ಮನೆಯವರ ಜೊತೆ ರೈಲಿನಲ್ಲಿ ಅರಸೀಕೆರೆಗೆ ಬಂದು ಅಲ್ಲಿಂದ ಬೈಕ್ ಏರಿದರೂ ಅದು ಬೈಕ್ ಪ್ರಯಾಣವೇ. ಬೈಕನ್ನೇ ಟ್ಯಾಂಕ್ ಖಾಲಿ ಮಾಡಿಸಿ ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸುವ ಅನುಕೂಲವೂ ಇದೆ. ಇನ್ನು ನಾಲ್ಕು ವರ್ಷದೊಳಗಿನ ಮಗುವಾದರೆ ಕಾನೂನು ಅನುಮತಿಸಿದರೂ ದೂರದ ಬೈಕ್ ಪ್ರಯಾಣ ಬೇಡ. ಪೂರ್ತಿ ದಾರಿ ರೈಲಿನಲ್ಲೇ ಕರೆದುಕೊಂಡು ಹೋಗಿ. ಬೇರೆ ಬರ್ತ್ ಕೇಳದಿದ್ದರೆ ಐದು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ಟೇ ಬೇಕಿಲ್ಲ.